ಫೆರೋ ದ್ವೀಪಗಳಂಥ ಪುಟ್ಟ ನಾಡು ಹ್ಯಾಂಡ್‌ಬಾಲ್‌ನಲ್ಲಿ ದೊಡ್ಡ ದೇಶಗಳಿಗೆ ಹೇಗೆ ಪೈಪೋಟಿ ಕೊಡುತ್ತದೆ?

ಉತ್ತರ ಅಟ್ಲಾಂಟಿಕ್ ಸಾಗರದಲ್ಲಿರುವ ಫೆರೋ ಜನಸಂಖ್ಯೆ ಸುಮಾರು 54 ಸಾವಿರ. ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲ! ಆದರೂ ಅವರ ಪುರುಷರ ತಂಡ 2024ರಲ್ಲಿ ಮೊದಲ ಸಲ ಯುರೋಪಿಯನ್ ಚಾಂಪಿಯನ್‌ಶಿಪ್ ಆಡಿತು.

ಒಂದು ಕಾರಣ ಆಟದಲ್ಲೇ ಇದೆ. ಅಂಗಳದಲ್ಲಿ ಒಂದು ತಂಡಕ್ಕೆ ಏಳೇ ಜನ, ಪಂದ್ಯಕ್ಕೆ ಹದಿನಾರು ಜನ ಸಾಕು. ಒಳಾಂಗಣದ ಆಟ ಬೇರೆ, ಹೊರಗೆ ಗಾಳಿ ಮಳೆ ಎಷ್ಟಿದ್ದರೂ ಅಭ್ಯಾಸ ನಿಲ್ಲುವುದಿಲ್ಲ. ಚೆನ್ನಾಗಿ ಆಡುವ ಹುಡುಗರು ಹೊರದೇಶದ ಕ್ಲಬ್‌ಗಳಿಗೆ ಹೋಗಿ ಪಳಗುತ್ತಾರೆ. ಎಲಿಯಾಸ್ ಎಲೆಫ್ಸನ್ 2023ರಲ್ಲಿ ಜರ್ಮನಿಯ ಕೀಲ್ ಕ್ಲಬ್ ಸೇರಿದ.

ಆ 2024ರ ಚಾಂಪಿಯನ್‌ಶಿಪ್‌ನಲ್ಲಿ, ಬರ್ಲಿನ್‌ನಲ್ಲಿ ನಾರ್ವೆ ಎದುರು ನಡೆದ ಪಂದ್ಯವನ್ನಂತೂ ಹೇಳಲೇಬೇಕು. ಕೊನೆಯ ಹೊತ್ತಿನಲ್ಲಿ ನಾರ್ವೆ 26-23ರಿಂದ ಮುಂದಿತ್ತು. ಇನ್ನೇನು ಮುಗೀತು ಅನ್ನುವಾಗ ಫೆರೋ ಹುಡುಗರು ಒಂದಾದ ಮೇಲೊಂದು ಮೂರು ಗೋಲು ಹೊಡೆದರು. ಕೊನೆಯದು ಎಲಿಯಾಸ್ ಎಸೆದ ಪೆನಾಲ್ಟಿ. 26-26! ದ್ವೀಪಗಳಿಂದ ಬಂದಿದ್ದ ಸಾವಿರಾರು ಜನ ಕುಣಿದಾಡಿಬಿಟ್ಟರು. ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಅದು ಅವರ ಮೊದಲ ಅಂಕ. ಸ್ಲೊವೇನಿಯಾ, ಪೋಲೆಂಡ್ ಎದುರು ಸೋತು ಗುಂಪಿನ ಹಂತದಲ್ಲೇ ಹೊರಬಿದ್ದರು, ನಿಜ. ಆದರೆ ಎರಡರಲ್ಲೂ ಸುಲಭಕ್ಕೆ ಬಿಟ್ಟುಕೊಡಲಿಲ್ಲ.

ನನಗೆ ಬೇಜಾರಾಗುವುದು ಒಂದೇ ವಿಷಯಕ್ಕೆ. ಫೆರೋ ಡೆನ್ಮಾರ್ಕ್ ರಾಜಪ್ರಭುತ್ವದ ಭಾಗ. ಹ್ಯಾಂಡ್‌ಬಾಲ್ ಒಕ್ಕೂಟದಲ್ಲಿ ಅವರಿಗೆ ಪ್ರತ್ಯೇಕ ಸದಸ್ಯತ್ವ ಇದೆ, ಒಲಿಂಪಿಕ್ ಸಮಿತಿಯಲ್ಲಿ ಇಲ್ಲ. ಹಾಗಾಗಿ ಎಷ್ಟೇ ಚೆನ್ನಾಗಿ ಆಡಿದರೂ ಈಗಿನ ನಿಯಮದಲ್ಲಿ ಸ್ವಂತ ಬಾವುಟದಡಿ ಒಲಿಂಪಿಕ್ಸ್‌ಗೆ ಹೋಗುವಂತಿಲ್ಲ.