ಅವ್ವನಿಗೆ ಆಗದ್ದು ಮಗನಿಗೆ ಆಗುತ್ತಾ?

ಪ್ರಿಯ ಸಹೋದರಿ,

ನಿಮ್ಮ ಕಾಗದ ತಲುಪಿತು. ಹೆಸರು, ಊರು ಬೇಡ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೆ ತಿಳಿಯಲಿ ಅಂತ ನೀವು ಬರೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ಯಜಮಾನರಿಗೆ 41 ವರ್ಷ, ಲಾರಿ ಓಡಿಸುತ್ತಾರೆ. ಬೀಡಿ, ಸಿಗರೇಟು, ಕುಡಿತ ಯಾವುದೂ ಇಲ್ಲ. ಪಾನ್ ಮಸಾಲಾ, ತಂಬಾಕು ಮಾತ್ರ ದಿನವಿಡೀ ಬಾಯಲ್ಲಿ. ಈಚೆಗೆ ಸಾರು ಉರಿಯುತ್ತೆ ಅಂತ ತಟ್ಟೆ ಸರಿಸುತ್ತಾರೆ. ಬಲಗೆನ್ನೆಯ ಒಳಗೆ ಬಿಳಿ ಮಚ್ಚೆಯೊಂದನ್ನು ನೀವೇ ನೋಡಿದ್ದೀರಿ. ಆಸ್ಪತ್ರೆಗೆ ಹೋಗೋಣ ಎಂದರೆ, 'ಅವ್ವ ಇಷ್ಟು ವರ್ಷದಿಂದ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತಾಳೆ, ಅವಳಿಗೇ ಏನೂ ಆಗಿಲ್ಲ' ಅನ್ನುತ್ತಾರೆ. ಇದು ಕ್ಯಾನ್ಸರಾ ಅಂತ ಕೇಳಿದ್ದೀರಿ. ಅತ್ತೆಗೆ ಈ ವಯಸ್ಸಲ್ಲಿ ಬಿಡಿಸಬೇಕಾ ಅಂತಲೂ ಕೇಳಿದ್ದೀರಿ.

ಕ್ಯಾನ್ಸರ್ ಹೌದೋ ಅಲ್ಲವೋ ಎನ್ನುವುದನ್ನು ಬಾಯಿ ನೋಡದೆ ಯಾವ ಡಾಕ್ಟರೂ ಹೇಳಲಾರರು, ನಾನಂತೂ ಡಾಕ್ಟರಲ್ಲ. ಬಿಳಿ ಮಚ್ಚೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗುವುದಿಲ್ಲ. ಆದರೆ ಯಾವುದು ಆಗುತ್ತೆ, ಯಾವುದು ಆಗಲ್ಲ ಅಂತ ಮನೆಯಲ್ಲಿ ಕೂತು ಗೊತ್ತು ಮಾಡಲು ಆಗದು. ಈ ವಾರವೇ ತೋರಿಸಿ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಮೇಲಿನ ಹಲ್ಲು ಕೆಳಗಿನ ಹಲ್ಲುಗಳ ನಡುವೆ ಇಟ್ಟುಕೊಳ್ಳಲು ಅವರಿಗೆ ಹೇಳಿ. ಅವರದೇ ಬೆರಳು. ಮೂರೂ ಹೋಗದೆ ಎರಡಕ್ಕೇ ನಿಂತರೆ ಬಾಯಿ ಬಿಗಿಯುತ್ತಿದೆ ಅಂತ ಅರ್ಥ. ಖಾರಕ್ಕೆ ಉರಿ, ಜೊತೆಗೆ ಬಾಯಿ ತೆರೆಯಲು ಕಷ್ಟ, ಇವೆರಡೂ ಸೇರಿದರೆ ಡಾಕ್ಟರು ಮೊದಲು ಸಂಶಯಪಡುವುದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ತೊಂದರೆಯನ್ನು. ಕೆನ್ನೆಯ ಒಳಪದರದ ಕೆಳಗೆ ನಾರು ಕಟ್ಟುತ್ತಾ ಹೋಗುತ್ತದೆ. ಇದು ಕ್ಯಾನ್ಸರ್ ಅಲ್ಲ, ಆದರೆ ಮುಂದೆ ಆಗಬಹುದು. ತಿನ್ನುವುದನ್ನು ನಿಲ್ಲಿಸಿದರೆ ಅಲ್ಲಿಗೇ ತಡೆಯುವ ಅವಕಾಶ ಇದೆ. ಆದರೆ ಆಗಲೇ ಬಿಗಿದ ಬಾಯಿ ಮೊದಲಿನ ಹಾಗೆ ಆಗುವುದು ಕಷ್ಟ.

ಇದಕ್ಕೆ ಮುಖ್ಯ ಕಾರಣ ತಂಬಾಕು ಅಲ್ಲ, ಅಡಿಕೆ. ನಮ್ಮ ಓದುಗರಲ್ಲಿ ಅಡಿಕೆ ತೋಟದವರು ಬಹಳ ಮಂದಿ ಇದ್ದಾರೆ, ಬೇಸರ ಆಗಬಹುದು. ಆದರೂ ಮುಚ್ಚಿಡಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ, ತಂಬಾಕು ಸೇರಿಸದ ಎಲೆಅಡಿಕೆಯನ್ನೂ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತು. ಪಾನ್ ಮಸಾಲಾ ಪ್ಯಾಕೆಟ್ ಮೇಲೆ 'ತಂಬಾಕು ಇಲ್ಲ' ಅಂತ ದೊಡ್ಡದಾಗಿ ಬರೆದಿರುತ್ತಾರಲ್ವಾ, ಅದು ನಿಜವೇ ಇರಬಹುದು. ಒಳಗಿರುವ ಅಡಿಕೆಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಗುಟ್ಕಾ ಬ್ಯಾನ್ ಆದಮೇಲೂ ಅಂಗಡಿಯಲ್ಲಿ ಹೇಗೆ ಸಿಗುತ್ತೆ ಅಂತ ಆಶ್ಚರ್ಯಪಟ್ಟಿದ್ದೀರಿ. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರ ಮೇ ಕೊನೆಯಲ್ಲಿ. ತಿನ್ನುವ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಬೆರೆಸಬಾರದು ಎಂಬ 2011ರ ಆಹಾರ ನಿಯಮ ಅದಕ್ಕೆ ಆಧಾರ. ಕಂಪನಿಗಳು ಏನು ಮಾಡಿದವು? ಬೆರೆಸುವ ಕೆಲಸವನ್ನು ಗಿರಾಕಿಗೇ ಬಿಟ್ಟವು! ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪುಟ್ಟ ಪ್ಯಾಕೆಟ್. ಗಿರಾಕಿ ಎರಡನ್ನೂ ಹಲ್ಲಲ್ಲಿ ಹರಿದು, ಅಂಗೈಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಕಾನೂನಿಗೆ ಅದು ಎರಡು ವಸ್ತು, ಬಾಯಿಗೆ ಹೋಗುವಾಗ ಅದೇ ಹಳೇ ಗುಟ್ಕಾ. ನನಗೆ ಇದು ಬ್ಯಾನ್ ಅಂತ ಅನಿಸುವುದೇ ಇಲ್ಲ.

ಹೊಗೆ ಬಿಡಲ್ಲ ಅನ್ನುವ ಸಮಾಧಾನವೂ ಬೇಡ. ತಂಬಾಕಿನ ಎಲೆಯನ್ನು ಒಣಗಿಸಿ ಹದ ಮಾಡುವಾಗಲೇ ನೈಟ್ರೋಸಮೈನ್ ಎಂಬ ಕ್ಯಾನ್ಸರ್‌ಕಾರಕಗಳು ಅದರಲ್ಲಿ ಹುಟ್ಟುತ್ತವೆ, ಬೆಂಕಿ ತಗುಲಿಸಬೇಕಾಗಿಲ್ಲ. ಸುಣ್ಣ ಸೇರಿದರೆ ನಿಕೋಟಿನ್ ಇನ್ನೂ ಬೇಗ ರಕ್ತಕ್ಕಿಳಿಯುತ್ತದೆ, ಚಟವೂ ಗಟ್ಟಿಯಾಗುತ್ತದೆ. ನಿಮ್ಮವರು ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಾರೆ ಅಂತ ಗಮನಿಸಿ. ಬಲಗಡೆಯೇ ಇರಬೇಕು. ಕೆನ್ನೆ, ವಸಡಿನ ನಡುವಿನ ಆ ಸಂದಿಯಲ್ಲೇ ನಮ್ಮ ದೇಶದ ಬಾಯಿ ಕ್ಯಾನ್ಸರ್ ಜಾಸ್ತಿ ಕಾಣಿಸಿಕೊಳ್ಳುವುದು. 2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 43 ಸಾವಿರ ಹೊಸ ಬಾಯಿ ಕ್ಯಾನ್ಸರ್ ಪ್ರಕರಣಗಳು ಎಂಬ ಅಂದಾಜಿದೆ. ಅದರಲ್ಲಿ 83 ಸಾವಿರದಷ್ಟು ಅಗಿಯುವ ತಂಬಾಕು, ಅಡಿಕೆಯಿಂದಲೇ ಬಂದವು.

ಇನ್ನು ಅತ್ತೆಯ ಮಾತು. ಅವರು ಗಟ್ಟಿಯಾಗಿದ್ದಾರೆ, ಸಂತೋಷ. ಹಾಗೆ ತಿಂದವರಿಗೆಲ್ಲ ಕ್ಯಾನ್ಸರ್ ಬರುತ್ತೆ ಅಂತ ಯಾರೂ ಹೇಳಿಲ್ಲ. ಉಳಿದವರು ಕಣ್ಣೆದುರಿಗೆ ಇರುತ್ತಾರೆ, ಹೋದವರು ಲೆಕ್ಕಕ್ಕೆ ಸಿಗುವುದಿಲ್ಲ. ಹಿಂದೆ ಊರಲ್ಲಿ 'ಗಂಟಲು ಕಟ್ಟಿ ಹೋದ', 'ಬಾಯಿ ಹುಣ್ಣಾಗಿ ಅನ್ನ ಇಳೀದೆ ಹೋದಳು' ಅನ್ನುತ್ತಿದ್ದರು. ಅವರಿಗೆ ಏನಾಗಿತ್ತು ಅಂತ ಯಾರು ಪರೀಕ್ಷೆ ಮಾಡಿಸಿದರು? ಅಲ್ಲದೆ ಅತ್ತೆ ಊಟ ಆದಮೇಲೆ ಹಾಕಿಕೊಂಡು ಉಗಿಯುತ್ತಾರೆ ಎಂದು ನೀವೇ ಬರೆದಿದ್ದೀರಿ. ಮಗ ರಾತ್ರಿ ಗಾಡಿಯಲ್ಲಿ ನಿದ್ದೆ ಬರದಿರಲಿ ಅಂತ ಒಂದಾದಮೇಲೊಂದು ಹಾಕುತ್ತಾರೆ. ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಎನ್ನುವುದರ ಮೇಲೆ ಅಪಾಯ ಏರುತ್ತದೆ.

ನನಗೆ ಹೆಚ್ಚು ಭಯ ಹುಟ್ಟಿಸಿದ್ದು ನಿಮ್ಮ ಕಾಗದದ ಬೇರೊಂದು ಸಾಲು. 'ಉಷ್ಣ ಇರಬೇಕು ಅಂತ ಎಳನೀರು, ಮಜ್ಜಿಗೆ ಕೊಡ್ತಿದೀನಿ, ಮೆಡಿಕಲ್‌ನಿಂದ ಬಿ ಕಾಂಪ್ಲೆಕ್ಸ್ ತಂದಿದೀನಿ.' ಮಜ್ಜಿಗೆ ಕೊಡಿ, ಕೆಟ್ಟದ್ದೇನಿಲ್ಲ. ಆದರೆ ಮಾಮೂಲಿ ಬಾಯಿಹುಣ್ಣು ನೋಯುತ್ತದೆ, ಒಂದೆರಡು ವಾರದಲ್ಲಿ ಮಾಯುತ್ತದೆ. ಕ್ಯಾನ್ಸರಿನ ಹುಣ್ಣು ಶುರುವಿನಲ್ಲಿ ನೋಯುವುದೇ ಕಡಿಮೆ. ನೋವಿಲ್ಲ ಅಂತಲೇ ಜನ ತಿಂಗಳುಗಟ್ಟಲೆ ಸುಮ್ನೆ ಇದ್ದುಬಿಡುತ್ತಾರೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕತ್ತಿನಲ್ಲಿ ಗಂಟು, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ. ಕೆಂಪು ಮಚ್ಚೆ ಬಿಳಿಯದಕ್ಕಿಂತ ಅಪಾಯ.

ಎಲ್ಲಿಗೆ ಹೋಗಬೇಕು? ಹತ್ತಿರದ ಹಲ್ಲಿನ ಡಾಕ್ಟರು ಸಾಕು, ಜಿಲ್ಲಾಸ್ಪತ್ರೆಯ ದಂತ ವಿಭಾಗವೂ ಆಗುತ್ತದೆ. 30 ದಾಟಿದವರ ಬಾಯಿ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಟಾರ್ಚ್ ಹಿಡಿದು ನೋಡುವುದಷ್ಟೇ, ಆದರೆ ತಿರುವನಂತಪುರದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ತಂಬಾಕು, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಇದರಿಂದಲೇ ಮೂರನೇ ಒಂದು ಭಾಗದಷ್ಟು ಇಳಿದಿತ್ತು. ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸಬೇಕು ಎಂದರೆ ಹೆದರಬೇಡಿ. ಚಾಕು ತಾಗಿದರೆ ಹರಡುತ್ತೆ ಅನ್ನುವುದು ಸುಳ್ಳು.

ಬಿಡಿಸುವ ವಿಷಯ. ಬೈದು ಬಿಡಿಸಿದವರನ್ನು ನಾನು ಕಂಡಿಲ್ಲ. 1800 11 2356 ಸಹಾಯವಾಣಿಗೆ ಅವರೇ ಫೋನ್ ಮಾಡಲಿ, ದುಡ್ಡು ಬೀಳುವುದಿಲ್ಲ. ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ವಾರ ಸಿಡಿಮಿಡಿ, ತಲೆನೋವು, ನಿದ್ದೆಗೆಡುವುದು ಇರುತ್ತದೆ, ಆಮೇಲೆ ಇಳಿಯುತ್ತದೆ. ಆ ವಾರ ರಾತ್ರಿ ಟ್ರಿಪ್ ಬೇಡ ಅಂತ ಮಾಲೀಕರ ಹತ್ತಿರ ಮೊದಲೇ ಹೇಳಿಡಲಿ. ನಿಕೋಟಿನ್ ಗಮ್ ಅಥವಾ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಬೇಕೇ ಅಂತ ಡಾಕ್ಟರನ್ನು ಕೇಳಿ. ಬಾಯಿ ಚಪಲಕ್ಕೆ ಏಲಕ್ಕಿ, ಸೋಂಪು ಇಟ್ಟುಕೊಳ್ಳಲಿ. 'ತಂಬಾಕು ಬಿಟ್ಟೆ, ಮಸಾಲಾ ಮಾತ್ರ' ಅಂದರೆ ಒಪ್ಪಬೇಡಿ.

ಅತ್ತೆಗೂ ಬಿಡಲು ಹೇಳಿ. ಹೊಗೆಸೊಪ್ಪು ಮೊದಲು, ಅಡಿಕೆ ಆಮೇಲೆ ಆದರೂ ಸರಿ. ಒಪ್ಪದಿದ್ದರೆ ಜಗಳ ಆಡಬೇಡಿ, ಆದರೆ ಮಗನನ್ನು ಕರೆದೊಯ್ಯುವಾಗ ಅವರನ್ನೂ ಕರೆದುಕೊಂಡು ಹೋಗಿ. ಅವ್ವ ಬಾಯಿ ತೋರಿಸಿದರೆ ಮಗ ಹೊರಗೆ ಕೂರಲಾರ. ಅತ್ತೆಗೆ ಹಲ್ಲಿನ ಸೆಟ್ ಇದ್ದರೆ ತೆಗೆದು ತೋರಿಸಲು ಹೇಳಿ, ಅದರ ಅಡಿಯ ವಸಡನ್ನೂ ಡಾಕ್ಟರು ನೋಡಬೇಕು.

– ಸಂಪಾದಕ