ಕಾನೂನು ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಐದು ದಿನದೊಳಗೆ ಶುಲ್ಕ ಕಟ್ಟಬೇಕು. ಸೇರಲೇ, ಬಿಡಲೇ?

ಸಾಲ ಮಾಡಿ ಸೇರಬೇಕಾಗಿದೆ, ಬಿಟ್ಟರೆ ಒಂದು ವರ್ಷ ಹಾಳಾಗುತ್ತದೆ, ಕಾಲೇಜು ಒಳ್ಳೆಯದೋ ಅಲ್ಲವೋ ತಿಳಿಯುತ್ತಿಲ್ಲ ಎಂದು ಬರೆದಿದ್ದೀರಿ. 2012ರಲ್ಲಿ ನನಗೆ ಕೊಟ್ಟಿದ್ದು ನಾಲ್ಕು ದಿನ. ದ್ವಿತೀಯ ಪಿಯುಸಿ ಮುಗಿದಿತ್ತು. ಐದು ವರ್ಷದ ಬಿ.ಎ. ಎಲ್‌ಎಲ್‌.ಬಿ. ಓದಲು ಮನೆಯಿಂದ ದೂರದ ಒಂದು ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಆ ನಾಲ್ಕು ದಿನಗಳಲ್ಲಿ ನಾನು ಕೇಳಬೇಕಿದ್ದ ಒಂದು ಪ್ರಶ್ನೆಯನ್ನು ಕೇಳಲಿಲ್ಲ. ಅದರಿಂದ ನನ್ನ ವಕೀಲಿ ವೃತ್ತಿಯ ಆರು ವರ್ಷಗಳು ಹೋದವು.

ಕಾಲೇಜಿನ ಮಾಹಿತಿ ಪುಸ್ತಕದಲ್ಲಿ, ತಮ್ಮ ವಿದ್ಯಾರ್ಥಿಗಳಿಗೆ ಸಿಗುವ ಸರಾಸರಿ ವಾರ್ಷಿಕ ವೇತನ 6 ಲಕ್ಷ ರೂಪಾಯಿ ಎಂದು ಮುದ್ರಿಸಿದ್ದರು. ಅಪ್ಪ ಶಾಲಾ ಶಿಕ್ಷಕರು, ಲೆಕ್ಕದಲ್ಲಿ ಬಹಳ ಎಚ್ಚರಿಕೆಯವರು. ಈ ಅಂಕಿ ನಿಜವೇ ಎಂದು ಪ್ರವೇಶ ಕಚೇರಿಗೆ ಫೋನ್ ಮಾಡಿ ಕೇಳು ಎಂದರು. ಕೇಳಿದೆ, ನಿಜ ಎಂದರು. ಅವರು ಸುಳ್ಳು ಹೇಳಿರಲಿಲ್ಲ. ವರ್ಷಕ್ಕೆ 6 ಲಕ್ಷವೆಂದರೆ ತಿಂಗಳಿಗೆ 50 ಸಾವಿರ, ಅದರಲ್ಲಿ ಸಾಲದ ಕಂತು ಎಷ್ಟಾದರೂ ನಿಭಾಯಿಸಬಹುದು ಎಂದು ನಾವಿಬ್ಬರೂ ಲೆಕ್ಕ ಹಾಕಿ, ಮೂರನೆಯ ದಿನ ಬ್ಯಾಂಕಿಗೆ ಹೋಗಿ, ನಾಲ್ಕನೆಯ ದಿನ ಹಣ ಕಟ್ಟಿದೆವು.

ನಾಲ್ಕನೆಯ ವರ್ಷದಲ್ಲಿ ಉದ್ಯೋಗ ನೇಮಕಾತಿ ಸಮಿತಿಯಲ್ಲಿ ವಿದ್ಯಾರ್ಥಿ ಸದಸ್ಯನಾಗಿ ಸೇರಿದಾಗ ಆ ಸರಾಸರಿಯ ಹಿಂದಿದ್ದ ಪಟ್ಟಿ ನನ್ನ ಕೈಗೆ ಬಂತು. ತರಗತಿಯಲ್ಲಿದ್ದವರು 60 ಮಂದಿ, ಅವರಲ್ಲಿ ಕ್ಯಾಂಪಸ್ ನೇಮಕಾತಿಯಲ್ಲಿ ಕೆಲಸ ಸಿಕ್ಕಿದ್ದು 9 ಮಂದಿಗೆ. ಇಬ್ಬರಿಗೆ ದೊಡ್ಡ ಕಾನೂನು ಸಂಸ್ಥೆಗಳಲ್ಲಿ ತಲಾ 15 ಲಕ್ಷ. ಉಳಿದ ಏಳು ಮಂದಿಗೆ ಎಲ್ಲ ಸೇರಿ 24 ಲಕ್ಷ, ಅಂದರೆ ತಲಾ ಸುಮಾರು 3 ಲಕ್ಷ 40 ಸಾವಿರ. ಒಟ್ಟು 54 ಲಕ್ಷವನ್ನು 9ರಿಂದ ಭಾಗಿಸಿದರೆ 6 ಲಕ್ಷ. ಉಳಿದ 51 ಮಂದಿ ಆ ಲೆಕ್ಕದಲ್ಲಿ ಇರಲೇ ಇಲ್ಲ. ಅವರಲ್ಲಿ ಕೆಲವರು ತಂದೆಯ ಕಚೇರಿಗೆ ಹೋದರು, ಕೆಲವರು ಎಲ್‌ಎಲ್‌.ಎಂ. ಸೇರಿದರು, ಕೆಲವರು ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತರು, ಹೆಚ್ಚಿನವರು ಜಿಲ್ಲಾ ನ್ಯಾಯಾಲಯಗಳಲ್ಲಿ ಜೂನಿಯರ್ ಆದರು. ಆ 9 ಮಂದಿಯಲ್ಲಿಯೂ ಏಳು ಮಂದಿಗೆ ಸಿಕ್ಕಿದ ಸಂಬಳ ಸರಾಸರಿಗಿಂತ ಬಹಳ ಕೆಳಗಿತ್ತು. ನಾನು ಕೇಳಬೇಕಿದ್ದದ್ದು ಅಂಕಿ ನಿಜವೇ ಎಂದಲ್ಲ. ಅರುವತ್ತು ಮಂದಿಯಲ್ಲಿ ಎಷ್ಟು ಮಂದಿಯ ಸಂಬಳವನ್ನು ಕೂಡಿ ಈ ಅಂಕಿ ಬಂತು, ಉಳಿದವರು ಈಗ ಎಲ್ಲಿದ್ದಾರೆ ಎಂದು. ಇದನ್ನು ಕೇಳಲು ಅರ್ಧ ನಿಮಿಷ ಸಾಕಿತ್ತು.

ಸಾಲದ ಲೆಕ್ಕವನ್ನೂ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇದೇ ಜಾಗದಲ್ಲಿ ನಿಂತಿದ್ದೀರಿ. ಶುಲ್ಕ, ಹಾಸ್ಟೆಲ್ ಎಲ್ಲ ಸೇರಿ ವರ್ಷಕ್ಕೆ 1 ಲಕ್ಷ 80 ಸಾವಿರದಂತೆ ಐದು ವರ್ಷಕ್ಕೆ 9 ಲಕ್ಷ. ಸಾಲ ಏಳೂವರೆ ಲಕ್ಷ ದಾಟಿದ್ದರಿಂದ ಬ್ಯಾಂಕ್ ಆಧಾರ ಕೇಳಿತು, ಅಪ್ಪ ಮನೆಯ ಪತ್ರ ಇಟ್ಟರು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎಂಬುದನ್ನು ಕೇಳಿ ನಮಗೆ ನೆಮ್ಮದಿಯಾಯಿತು. ಕಂತು ಇಲ್ಲದಿದ್ದರೂ ಬಡ್ಡಿ ಓಡುತ್ತಲೇ ಇರುತ್ತದೆ ಎಂಬುದನ್ನು ಮಾತ್ರ ನಾವು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಮೊದಲ ವರ್ಷದ ಹಣಕ್ಕೆ ಆರು ವರ್ಷದ ಬಡ್ಡಿ, ಎರಡನೆಯ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ, ಹೀಗೆ ಶೇಕಡಾ 11ರ ಸರಳ ಬಡ್ಡಿಯೇ ಸುಮಾರು 4 ಲಕ್ಷವಾಗಿ, ಕಂತು ಶುರುವಾಗುವ ಹೊತ್ತಿಗೆ ಸಾಲ 13 ಲಕ್ಷದ ಹತ್ತಿರ ನಿಂತಿತ್ತು. ಅದನ್ನು ಮುಂದಿನ ಬಡ್ಡಿಯೂ ಸೇರಿ ಹತ್ತು ವರ್ಷಕ್ಕೆ ಹಂಚಿದರೆ ಕಂತು ತಿಂಗಳಿಗೆ 17,850 ರೂಪಾಯಿ.

2017ರಲ್ಲಿ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ ಪಡೆದು, ನಮ್ಮ ಜಿಲ್ಲಾ ನ್ಯಾಯಾಲಯದ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆಗಿ ಸೇರಿದೆ. ತಿಂಗಳಿಗೆ 8 ಸಾವಿರ ಕೊಡುತ್ತಿದ್ದರು. ಅಷ್ಟೂ ಕೊಡದ ಕಚೇರಿಗಳು ಸುತ್ತಲೂ ಇದ್ದವು. ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವ ಪಾಟಿಸವಾಲಿಗೆ ಮುನ್ನ, ಆ ಸಾಕ್ಷಿ ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆಯನ್ನು ನನ್ನಿಂದ ಮೂರು ಬಾರಿ ಗಟ್ಟಿಯಾಗಿ ಓದಿಸುತ್ತಿದ್ದರು, ಪ್ರತಿ ಓದಿನಲ್ಲೂ ಹೊಸದೊಂದು ಬಿರುಕು ಕಾಣುತ್ತಿತ್ತು. ಸೇರಿದ ಹದಿನಾಲ್ಕನೆಯ ತಿಂಗಳಲ್ಲಿ, ಪಾಲು ವಿಭಾಗದ ದಾವೆಯೊಂದರಲ್ಲಿ, ಉಯಿಲಿಗೆ ಸಾಕ್ಷಿ ಸಹಿ ಹಾಕಿದ್ದ ವೃದ್ಧರೊಬ್ಬರನ್ನು ಪ್ರಶ್ನಿಸಲು ನನಗೆ ಬಿಟ್ಟುಕೊಟ್ಟರು. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಉಯಿಲು ಬರೆದವರು ಸಹಿ ಹಾಕುವುದನ್ನು ಆ ಸಾಕ್ಷಿಗಳು ಕಣ್ಣಾರೆ ಕಂಡಿರಬೇಕು, ಇಲ್ಲವೇ ಇದು ನನ್ನದೇ ಸಹಿ ಎಂದು ಅವರೇ ಒಪ್ಪಿ ಹೇಳಿದ್ದನ್ನು ಕೇಳಿರಬೇಕು. ನಾನು ಕೇಳಿದ ಏಳನೆಯ ಪ್ರಶ್ನೆಗೆ ಅವರು, ತಾವು ಹೋದಾಗ ಕಾಗದಕ್ಕೆ ಆಗಲೇ ಸಹಿ ಬಿದ್ದಿತ್ತು, ಯಜಮಾನರು ಒಳಗೆ ಮಲಗಿದ್ದರು ಎಂದರು. ನ್ಯಾಯಾಧೀಶರು ತಲೆಯೆತ್ತಿ ನೋಡಿ ಆ ಮಾತನ್ನು ಬರೆಸಿದ ಕ್ಷಣದಲ್ಲಿ, ನಾನು ಮಾಡಬೇಕಾದ ಕೆಲಸ ಇದೇ ಎಂದು ನನಗೆ ಖಚಿತವಾಯಿತು.

ಆದರೆ ಕಂತು ಅಷ್ಟರಲ್ಲಿ ಶುರುವಾಗಿತ್ತು. ಮೊದಲ ಕೆಲವು ತಿಂಗಳು ಅಪ್ಪ ತಮ್ಮ ನಿವೃತ್ತಿಯ ಹಣದಿಂದ ಕಟ್ಟಿದರು, ನನಗೆ ಹೇಳಲೂ ಇಲ್ಲ. ತಿಳಿದ ಮೇಲೆ ನನಗೆ ಕಚೇರಿಯಲ್ಲಿ ಕುಳಿತಿರಲು ಆಗಲಿಲ್ಲ. ಒಂದು ಕಂಪನಿಯ ಕರಾರು ಪತ್ರಗಳ ವಿಭಾಗದಲ್ಲಿ ಕೆಲಸ ಹಿಡಿದೆ. ಪೂರ್ಣಾವಧಿಯ ಸಂಬಳದ ಕೆಲಸದಲ್ಲಿರುವವರು ವಕೀಲಿ ಮಾಡುವಂತಿಲ್ಲ ಎಂಬುದು ವಕೀಲರ ಪರಿಷತ್ತಿನ ನಿಯಮವಾದ್ದರಿಂದ ಸನ್ನದನ್ನು ಅಮಾನತಿನಲ್ಲಿ ಇಡಿಸಬೇಕಾಯಿತು. ಕಂತಿಗಿಂತ ಹೆಚ್ಚು ಕಟ್ಟುತ್ತಾ ಆರು ವರ್ಷದಲ್ಲಿ ಸಾಲ ತೀರಿಸಿ, ಮನೆಯ ಪತ್ರ ಬಿಡಿಸಿಕೊಂಡು, 2024ರ ಜುಲೈನಲ್ಲಿ ನ್ಯಾಯಾಲಯಕ್ಕೆ ಮರಳಿದೆ. ಆ ತಿಂಗಳ ಒಂದನೆಯ ತಾರೀಖಿನಿಂದಲೇ ಹಳೆಯ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು, ಕೊಲೆಯ 302ನೆಯ ಕಲಂ 103 ಆಗಿ, ವಂಚನೆಯ 420ನೆಯ ಕಲಂ 318 ಆಗಿ, ಹಿರಿಯರೂ ಕಿರಿಯರೂ ಒಟ್ಟಿಗೆ ಪುಸ್ತಕ ತಿರುವುತ್ತಿದ್ದರು. ನನ್ನ ಜೊತೆ ಪಿಯುಸಿ ಓದಿ, ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಅತಿ ಕಡಿಮೆ ಶುಲ್ಕಕ್ಕೆ ಕಾನೂನು ಕಲಿತ ಗೆಳೆಯ ಆ ಹೊತ್ತಿಗೆ ಸೆಷನ್ಸ್ ಪ್ರಕರಣಗಳನ್ನು, ಅಂದರೆ ಕೊಲೆಯಂಥ ಗಂಭೀರ ಅಪರಾಧಗಳ ಮೊಕದ್ದಮೆಗಳನ್ನು, ಸ್ವಂತವಾಗಿ ನಡೆಸುತ್ತಿದ್ದ. ಅವನ ಸನ್ನದಿನ ಮೇಲಾಗಲಿ ನನ್ನ ಸನ್ನದಿನ ಮೇಲಾಗಲಿ ಕಾಲೇಜಿನ ಹೆಸರು ಮುಖ್ಯವಾಗುವುದಿಲ್ಲ. ಇಬ್ಬರೂ ಬರೆದದ್ದು ಒಂದೇ ಅಖಿಲ ಭಾರತ ವಕೀಲರ ಪರೀಕ್ಷೆ.

ಆದ್ದರಿಂದ ಕಾಲೇಜು ಒಳ್ಳೆಯದೇ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಓದು ಮುಗಿದ ನಂತರದ ಮೊದಲ ಮೂರು ವರ್ಷ ಯಾವ ಕೆಲಸ ಮಾಡುತ್ತೀರಿ, ಆಗ ನಿಮ್ಮ ಖರ್ಚನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮೊದಲು ಕೇಳಿಕೊಳ್ಳಿ. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20 ಸಾವಿರ, ಗ್ರಾಮೀಣ ಪ್ರದೇಶದಲ್ಲಿ 15 ಸಾವಿರ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ, ಕಡ್ಡಾಯವಲ್ಲ. ಅಷ್ಟನ್ನೂ ಕೊಟ್ಟರೆಂದೇ ಇಟ್ಟುಕೊಂಡರೂ ನನ್ನ ಕಂತಿನ ಪಕ್ಕದಲ್ಲಿ ಅದನ್ನು ಇಟ್ಟು ನೋಡಿ. ನ್ಯಾಯಾಧೀಶರಾಗುವ ಆಸೆಯಿದ್ದರಂತೂ ಇನ್ನೂ ಎಚ್ಚರದಿಂದ ಲೆಕ್ಕ ಹಾಕಿ: 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಕೆಳಹಂತದ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿ ಅನುಭವ ಬೇಕು. ಸಾಲದ ಬಿಡುವು ಒಂದೇ ವರ್ಷ. ನಡುವಿನ ಎರಡು ವರ್ಷದ ಕಂತು ಎಲ್ಲಿಂದ ಬರುತ್ತದೆ ಎಂದು ಇಂದೇ ಬರೆದಿಡಿ.

ಒಂದು ವರ್ಷ ಹಾಳಾಗುತ್ತದೆ ಎಂಬ ಭಯವೂ ತಪ್ಪು. ಮೂರು ವರ್ಷದ ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌.ಬಿ. ಓದಿದರೆ ಒಟ್ಟು ಆರು ವರ್ಷ, ಐದು ವರ್ಷದ ಕೋರ್ಸಿಗಿಂತ ಒಂದೇ ವರ್ಷ ಹೆಚ್ಚು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೇ ಈಗ ಮೂರು ವರ್ಷದ ಎಲ್‌ಎಲ್‌.ಬಿ.ಯನ್ನು ನಡೆಸುತ್ತಿದೆ. ನಾನು ಉಳಿಸಿಕೊಳ್ಳಲು ಹೋದದ್ದು ಒಂದು ವರ್ಷ, ಕಳೆದುಕೊಂಡದ್ದು ಆರು.

ನಿಮಗೆ ಸಿಕ್ಕಿರುವುದು ದೊಡ್ಡ ಕಾನೂನು ಸಂಸ್ಥೆಗಳು ತಾವಾಗಿ ಬಂದು ತರಗತಿಯ ಬಹುಪಾಲು ಮಂದಿಯನ್ನು ಆಯ್ದುಕೊಳ್ಳುವ ಶಾಲೆಯಾಗಿದ್ದು, ನಿಮಗೆ ಬೇಕಿರುವುದೂ ಕಂಪನಿ ಕಾನೂನಿನ ಕೆಲಸವೇ ಆಗಿದ್ದರೆ, ಸಾಲ ಮಾಡಿ ಹೋಗಿ, ನಾನು ಅಡ್ಡಿ ಹೇಳುವುದಿಲ್ಲ. ನ್ಯಾಯಾಲಯದಲ್ಲಿ ನಿಂತು ಪ್ರಕರಣ ನಡೆಸಬೇಕು ಎಂಬುದು ನಿಮ್ಮ ಮನಸ್ಸಾಗಿದ್ದರೆ, ಮುಂದೆ ವಕೀಲಿ ಮಾಡಲಿರುವ ಊರಿಗೆ ಹತ್ತಿರದ, ಸಾಲವಿಲ್ಲದೆ ಓದಬಹುದಾದ, ವಕೀಲರ ಪರಿಷತ್ತಿನ ಮಾನ್ಯತೆ ಇರುವ ಕಾಲೇಜೇ ಮೇಲು. ಜೂನಿಯರ್ ಆಗಿ ಬಡತನದಲ್ಲಿ ಕಲಿಯುವ ವರ್ಷಗಳನ್ನು ತಾಳಿಕೊಳ್ಳಲು ಬೇಕಾದ ಸ್ವಾತಂತ್ರ್ಯ ಸಾಲವಿಲ್ಲದವರಿಗೆ ಮಾತ್ರ ಇರುತ್ತದೆ.

ಗಡುವಿಗೆ ಹೆದರಿ ಹಣ ಕಟ್ಟಿಬಿಟ್ಟರೂ ದಾರಿ ಮುಚ್ಚುವುದಿಲ್ಲ: ಯುಜಿಸಿಯ 2018ರ ಅಧಿಸೂಚನೆಯಲ್ಲಿ ಶುಲ್ಕ ವಾಪಸಿಗೆ ಹಂತಗಳಿವೆ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಇರುವಾಗಲೇ ಹಿಂದೆ ಸರಿದರೆ ಹೆಚ್ಚಿನ ಭಾಗ ಮರಳುತ್ತದೆ, ಕೊನೆಯ ದಿನಾಂಕ ಕಳೆದು 30 ದಿನ ದಾಟಿದರೆ ಏನೂ ಸಿಗುವುದಿಲ್ಲ. ನಿಮ್ಮ ಕಾಲೇಜಿನ ನಿಯಮವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಮೂಲ ಅಂಕಪಟ್ಟಿಗಳನ್ನು ಅವರು ಇಟ್ಟುಕೊಳ್ಳುವಂತಿಲ್ಲ ಎಂದೂ ಅದೇ ಅಧಿಸೂಚನೆ ಹೇಳುತ್ತದೆ.

ಈ ಐದು ದಿನಗಳಲ್ಲಿ ಆ ಕಾಲೇಜಿನಿಂದ ಎರಡು ವರ್ಷದ ಹಿಂದೆ ಹೊರಬಂದ ಮೂವರನ್ನು ಹುಡುಕಿ. ಕಾಲೇಜು ತಾನೇ ತೋರಿಸುವ ಸಾಧಕರು ಬೇಡ, ತರಗತಿಯ ನಡುವಿನ ಸಾಲಿನವರು ಬೇಕು. ನಿಮ್ಮ ತರಗತಿಯವರೆಲ್ಲ ಈಗ ಎಲ್ಲಿದ್ದಾರೆ ಎಂದು ಅವರನ್ನು ಕೇಳಿ. ನ್ಯಾಯಾಲಯದ ಕಲಾಪ ಸಾರ್ವಜನಿಕರಿಗೆ ತೆರೆದಿರುತ್ತದೆ. ನಾಳೆ ಬೆಳಿಗ್ಗೆ 11ಕ್ಕೆ ಹತ್ತಿರದ ನ್ಯಾಯಾಲಯಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ಸಂಜೆಯವರೆಗೆ ನೋಡಿ. ವಾಯಿದೆ ಕೇಳುವ ಜೂನಿಯರ್‌ಗಳಲ್ಲಿ ಒಬ್ಬರನ್ನು ಹೊರಗೆ ಮಾತನಾಡಿಸಿ, ತಿಂಗಳಿಗೆ ಎಷ್ಟು ಸಿಗುತ್ತದೆ ಎಂದು ಕೇಳಿ. ಅವರು ಹೇಳುವ ಅಂಕಿಯನ್ನೂ ಬ್ಯಾಂಕ್ ಹೇಳುವ ಕಂತನ್ನೂ ಇಲ್ಲಿ ಬರೆಯಿರಿ. ಮುಂದಿನ ಲೆಕ್ಕವನ್ನು ನಿಮ್ಮ ಜೊತೆ ಕುಳಿತು ಮಾಡಲು ನಾನು ಸಿದ್ಧನಿದ್ದೇನೆ.