ಮಾತು ಕಡಿಮೆ, ಯೋಚನೆ ಜಾಸ್ತಿ ಇರುವವರಿಗೆ ಯಾವ ಕಾದಂಬರಿ?

ಮಾತು ಕಡಿಮೆ, ಯೋಚನೆ ಜಾಸ್ತಿ, ಯಾವುದನ್ನೂ ಬೇಗ ತೀರ್ಮಾನ ಮಾಡಲು ಆಗುವುದಿಲ್ಲ ಎಂದು ಬರೆದಿದ್ದೀರಿ. ಇಂಥ ಸ್ವಭಾವಕ್ಕೆ ಹೊಂದುವ ಕನ್ನಡದ ಹಳೆಯ ಕಾದಂಬರಿ ಯಾವುದು ಎಂಬುದು ನಿಮ್ಮ ಪ್ರಶ್ನೆ.

ಜಾಸ್ತಿ ಜನ 'ಸಂಸ್ಕಾರ' ಅಂತಲೇ ಹೇಳುತ್ತಾರೆ. ಅನಂತಮೂರ್ತಿಯವರದು, 1965ರದ್ದು. ಬ್ರಾಹ್ಮಣನಾಗಿ ಹುಟ್ಟಿ ಆಚಾರವನ್ನೆಲ್ಲ ಬಿಟ್ಟಿದ್ದ ನಾರಣಪ್ಪನ ಹೆಣ ಮನೆಯಲ್ಲಿ ಬಿದ್ದಿದೆ. ಸಂಸ್ಕಾರ ಮಾಡುವವರು ಯಾರು? ಹೆಣ ಎತ್ತುವವರೆಗೆ ಊಟವಿಲ್ಲ, ಇಡೀ ಅಗ್ರಹಾರ ಹಸಿದುಕೊಂಡು ಪಂಡಿತರಾದ ಪ್ರಾಣೇಶಾಚಾರ್ಯರ ಬಾಯಿ ನೋಡುತ್ತ ಕೂತಿದೆ. ಆಚಾರ್ಯರು ಇನ್ನೂ ಗ್ರಂಥ ತಿರುವುತ್ತಿದ್ದಾರೆ. ಥೇಟ್ ನಿಮ್ಮ ಹಾಗೇ, ಅಲ್ವಾ?

ಆದರೂ ನಾನು ಮೊದಲು ಅದನ್ನು ಕೊಡುವುದಿಲ್ಲ. ಯೋಚನೆ ವಿಷಯದಲ್ಲಿ ನಾನೂ ನಿಮ್ಮ ಜಾತಿಯೇ. ಇಪ್ಪತ್ತರ ವಯಸ್ಸಿನಲ್ಲಿ ಓದಿ, ಆಚಾರ್ಯರ ಒದ್ದಾಟವೆಲ್ಲ ನನ್ನದೇ ಅನ್ನಿಸಿ, ತಲೆ ಇನ್ನಷ್ಟು ಕೆಟ್ಟಿತು. ಅದರಲ್ಲಿ ಬರುವ ಪುಟ್ಟ ಎಂಬವನು ಆಗ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಊರು ಬಿಟ್ಟು ಹೊರಟ ಆಚಾರ್ಯರಿಗೆ ದಾರಿಯಲ್ಲಿ ಗಂಟುಬೀಳುವ ವಾಚಾಳಿ ಅವನು. ಜಾತ್ರೆಗೆ ಎಳೆದುಕೊಂಡು ಹೋಗುತ್ತಾನೆ, ಕೋಳಿ ಅಂಕ ತೋರಿಸುತ್ತಾನೆ. ಎರಡನೇ ಸಲ ಓದುವಾಗ ಅವನು ಬಂದ ಮೇಲೇ ನನಗೆ ಉಸಿರು ಬಂದದ್ದು.

ಅದಕ್ಕೇ ಈಗ ಯಾರಾದರೂ ಸ್ವಭಾವ ಹೇಳಿದರೆ ಅದೇ ಸ್ವಭಾವದ ನಾಯಕನನ್ನು ಹುಡುಕುವುದಿಲ್ಲ. ಒಂದು ವಾರ ಇವರ ಮನೆಗೆ ಯಾರನ್ನು ಕಳಿಸಬಹುದು ಅಂತ ನೋಡುತ್ತೇನೆ.

ನಿಮಗೆ 'ಬೆಟ್ಟದ ಜೀವ'ದ ಗೋಪಾಲಯ್ಯನವರು. ಕಾರಂತರ ಕಾದಂಬರಿ, 1943ರದ್ದು, ದಪ್ಪ ಪುಸ್ತಕವೇನಲ್ಲ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬರು ಈ ಮುದುಕರ ಮನೆ ಸೇರುತ್ತಾರೆ. ಇನ್ನು ಅವರನ್ನು ಹೋಗಲು ಬಿಡಬೇಕಲ್ಲ! ತೋಟ ನೋಡಬೇಕು, ಬೆಟ್ಟ ನೋಡಬೇಕು, ಇನ್ನೆರಡು ದಿನ ಇರಲೇಬೇಕು. ಕಾಡು ಕಡಿದು ಅಡಿಕೆ ತೋಟ ಎಬ್ಬಿಸಿದ ಮನುಷ್ಯ. ಆನೆ, ಹುಲಿಗಳ ಕಾಟದ ನಡುವೆಯೂ ಬಾಯಲ್ಲಿ ತಮಾಷೆ. ಈ ವಯಸ್ಸಿನಲ್ಲೂ ಹೆಂಡತಿ ಶಂಕರಮ್ಮನವರನ್ನು ಛೇಡಿಸುವುದು ಬಿಟ್ಟಿಲ್ಲ. ಮನೆ ಬಿಟ್ಟು ಹೋದ ಮಗನೊಬ್ಬನಿದ್ದಾನೆ. ಅವನ ವಿಷಯ ಹತ್ತಿರ ಬಂದಾಗ ಈ ನಗುವಿನ ದನಿ ಸ್ವಲ್ಪ ಬದಲಾಗುತ್ತದೆ. ಆ ಜಾಗಗಳಲ್ಲಿ ಸುಮ್ನೆ ಒಂದು ನಿಮಿಷ ನಿಲ್ಲಿ. ಮಾತು ಕಡಿಮೆ ಇರುವವರಿಗೆ ಅದು ಬೇಗ ಕೇಳಿಸುತ್ತದೆ.

ಆಮೇಲೆ 'ಸಂಸ್ಕಾರ' ಓದಿ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಈಗಲೇ ಬೇಡ. ಅಷ್ಟು ಹೆಸರು ನೆನಪಿಡಲಾಗದೆ ನಾನೇ ಎರಡು ಸಲ ಕೈಬಿಟ್ಟಿದ್ದೆ. ಮೂರನೇ ಸಲ ಕೊನೇ ಪುಟದಲ್ಲಿ ಪೆನ್ಸಿಲ್‌ನಿಂದ ಯಾರು ಯಾರ ಮನೆಯವರು ಅಂತ ಬರೆದುಕೊಂಡೇ ಮುಗಿಸಿದ್ದು. ಮಳೆಗಾಲಕ್ಕೆ ಇಟ್ಟುಕೊಳ್ಳಿ. ಅದರಲ್ಲಿ ಗುತ್ತಿ ಎಂಬವನ ಜೊತೆ ಹುಲಿಯ ಅಂತ ಒಂದು ನಾಯಿ ಬರುತ್ತದೆ. ಅದನ್ನು ತುಂಬಾ ಹಚ್ಚಿಕೊಳ್ಳಬೇಡಿ, ಇಷ್ಟೇ ಹೇಳುತ್ತೇನೆ.